ರೇಡಾರ್‌ಗೆ ಕಾಣದ ದೋಣಿ

ಹೋದ ರಜೆಯಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದಿದ್ದಾಗ ಅಕ್ಕನ ಮಗನನ್ನು ಕೂರಿಸಿಕೊಂಡು ನಂದಿ ಬೆಟ್ಟ ಹತ್ತುತ್ತಿದ್ದೆ. ಬೆಳಗ್ಗೆ ಆರು ಗಂಟೆ. ಮಂಜು ಎಷ್ಟಿತ್ತು ಅಂದರೆ, ತಿರುವಿನ ಕಲ್ಲಿಗೆ ಬಳಿದ ಬಿಳಿ ಬಣ್ಣ ಕೂಡ ಬಾನೆಟ್ ಹತ್ತಿರ ಬಂದ ಮೇಲೇ ಕಾಣುತ್ತಿತ್ತು. "ಹೈ ಬೀಮ್ ಹಾಕಿ ಮಾವ" ಅಂದ. ಹಾಕಿ ತೋರಿಸಿದೆ. ಎದುರಿಗೆ ಸುಣ್ಣದ ಗೋಡೆ ನಿಂತ ಹಾಗಾಯಿತು, ಮೊದಲು ಕಾಣುತ್ತಿದ್ದ ಎರಡು ಮಾರು ರಸ್ತೆಯೂ ಹೋಯಿತು. ಮತ್ತೆ ಲೋ ಬೀಮ್‌ಗೆ ಬಂದೆ. ಆಗ ಕೇಳಿದ: "ನಿಮ್ಮ ಹಡಗಲ್ಲಿ ರೇಡಾರ್ ಇರುತ್ತಲ್ವಾ? ಮತ್ತೆ ಮಂಜಿದ್ರೆ ಏನು ಭಯ?"

ಅವನು ಸೆಕೆಂಡ್ ಪಿಯು. ಮರ್ಚೆಂಟ್ ನೇವಿಗೆ ಸೇರಬೇಕು ಅಂತ ಆಸೆ. ನಮ್ಮ ಕಡೆಯವರು ಸಮುದ್ರ ನೋಡಬೇಕು ಅಂದರೆ ಘಟ್ಟ ಇಳಿದು ಮಂಗಳೂರಿಗೋ, ಆ ಕಡೆ ಚೆನ್ನೈಗೋ ಹೋಗಬೇಕು, ಹಾಗಾಗಿ ಮನೆಯಲ್ಲಿ ಈ ಕೆಲಸದ ಬಗ್ಗೆ ಹೇಳುವವರು ನಾನೊಬ್ಬನೇ. ಅವನಿಗೆ ದಾರಿಯುದ್ದಕ್ಕೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು. ರೇಡಾರ್ ನೋಡುವುದಿಲ್ಲ. ಕೂಗುತ್ತದೆ, ಆಮೇಲೆ ಕೇಳಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಗೌರಿಬಿದನೂರಿನ ಹತ್ತಿರ ರೇಡಿಯೋ ದೂರದರ್ಶಕ ಇದೆ, ಅದು ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ, ತಾನಾಗಿ ಏನೂ ಕಳಿಸುವುದಿಲ್ಲ. ರೇಡಾರ್ ಹಾಗಲ್ಲ. ಬಂಡೆಯ ಎದುರು ನಿಂತು ಕೂಗಿ ಮಾರ್ದನಿಗೆ ಕಾಯುತ್ತೀವಲ್ಲ, ಆ ಕೆಲಸ ಅದರದು. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ ಎರಡೂ ಸೇರಬೇಕು, ಆದ್ದರಿಂದ 1,852 ಮೀಟರಿನ ಒಂದು ನಾಟಿಕಲ್ ಮೈಲಿ ದೂರದ ಹಡಗಿನಿಂದ ಉತ್ತರ ಬರಲು ಸುಮಾರು 12.35 ಮೈಕ್ರೋಸೆಕೆಂಡ್ ಬೇಕು. ಆ ಹೊತ್ತನ್ನು ಅಳೆದರೆ ದೂರ ಸಿಕ್ಕಿತು. ಉತ್ತರ ಬಂದಾಗ ಮೇಲಿನ ಸ್ಕ್ಯಾನರ್, ಅಂದರೆ ತಿರುಗುವ ಆಂಟೆನಾ, ಯಾವ ದಿಕ್ಕಿಗೆ ಮುಖ ಮಾಡಿತ್ತು ಅನ್ನುವುದೇ ಬೇರಿಂಗ್. ಸ್ಕ್ಯಾನರ್ ನಿಮಿಷಕ್ಕೆ ಸುಮಾರು 24 ಸುತ್ತು ತಿರುಗುತ್ತದೆ, ಅಂದರೆ ಪ್ರತಿ ಎರಡೂವರೆ ಸೆಕೆಂಡಿಗೆ ಒಂದು ಹೊಸ ಚಿತ್ರ.

ಹಾಗಾದರೆ ಪರದೆ ಮೇಲೆ ಕಾಣುವುದು ಸಮುದ್ರದಲ್ಲಿ ಇರುವುದೆಲ್ಲ ಅಲ್ಲ, ನಮ್ಮ ಕೂಗಿಗೆ ಉತ್ತರ ಕೊಟ್ಟದ್ದು ಮಾತ್ರ. ಕಂಟೇನರ್ ಹಡಗಿನ ಉಕ್ಕಿನ ಗೋಡೆ ಜೋರಾಗಿ ಉತ್ತರ ಕೊಡುತ್ತದೆ. ಮರದ ದೋಣಿ, ಫೈಬರ್ ದೋಣಿ ಪಿಸುಗುಟ್ಟುತ್ತವೆ. ಆ ಪಿಸುಮಾತು ಕೇಳಿಸುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಗುಂಡಿ ತಿರುಗಿಸುವವನ ಕೈಯಲ್ಲಿದೆ. ನಾನು ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕಾಗಿ.

ದೊಡ್ಡ ಹಡಗುಗಳಲ್ಲಿ ಎರಡು ಥರದ ರೇಡಾರ್ ಇರುತ್ತದೆ. ಎಕ್ಸ್ ಬ್ಯಾಂಡ್‌ನ ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್, ಎಸ್ ಬ್ಯಾಂಡ್‌ನದ್ದು ಸುಮಾರು 10. ಎಕ್ಸ್ ಬ್ಯಾಂಡ್ ಚಿತ್ರ ಚೂಪಾಗಿರುತ್ತದೆ, ಆದರೆ ಜೋರು ಮಳೆ ಬಂದರೆ ಅದಕ್ಕೆ ಮಳೆಯೇ ಪರದೆಯಾಗುತ್ತದೆ. ಎಸ್ ಬ್ಯಾಂಡ್ ಮಳೆಯ ಆಚೆಗೂ ನೋಡುತ್ತದೆ, ಚಿತ್ರ ಮಾತ್ರ ಸ್ವಲ್ಪ ದಪ್ಪ. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಎರಡನ್ನೂ ಹಾಕಿಕೊಂಡು ಒಂದನ್ನು ದೂರಕ್ಕೆ, ಒಂದನ್ನು ಹತ್ತಿರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೂಗು ಎಷ್ಟು ಉದ್ದ ಅನ್ನುವುದೂ ಮುಖ್ಯ. ಬಂಡೆ ಎದುರು ಒಂದು ಚಪ್ಪಾಳೆ ತಟ್ಟಿದರೆ ಮುಂದಿನ ಬಂಡೆಯ ಮಾರ್ದನಿ ಬೇರೆ, ಹಿಂದಿನದ್ದು ಬೇರೆ ಕೇಳುತ್ತದೆ. "ಓ..." ಅಂತ ಉದ್ದಕ್ಕೆ ಕೂಗಿದರೆ ಎರಡೂ ಕಲಸಿಹೋಗುತ್ತವೆ. ರೇಡಾರಿನಲ್ಲೂ ಅಷ್ಟೇ. 1 ಮೈಕ್ರೋಸೆಕೆಂಡಿನ ಉದ್ದ ಪಲ್ಸ್ ದೂರದ ಸಣ್ಣ ಗುರಿಯನ್ನೂ ಹಿಡಿಯುತ್ತದೆ, ಆದರೆ ಒಂದರ ಹಿಂದೊಂದು 150 ಮೀಟರಿಗಿಂತ ಹತ್ತಿರ ಇರುವ ಎರಡು ದೋಣಿಯನ್ನು ಒಂದೇ ಅಂತ ತೋರಿಸುತ್ತದೆ. 0.08 ಮೈಕ್ರೋಸೆಕೆಂಡಿನ ಚಿಕ್ಕ ಪಲ್ಸ್‌ಗೆ 12 ಮೀಟರ್ ಅಂತರ ಸಾಕು. ಅಡ್ಡಕ್ಕೆ ನೋಡಿದರೆ ಬೇರೆ ತೊಂದರೆ ಇದೆ. ಕಿರಣದ ಅಗಲ ಒಂದು ಡಿಗ್ರಿ ಅಂದುಕೊಳ್ಳಿ, 6 ನಾಟಿಕಲ್ ಮೈಲಿ ದೂರದಲ್ಲಿ ಅದು ಹೆಚ್ಚುಕಮ್ಮಿ 190 ಮೀಟರ್ ಅಗಲ ಆಗಿರುತ್ತದೆ. ಅಷ್ಟರೊಳಗೆ ಅಕ್ಕಪಕ್ಕ ಬರುತ್ತಿರುವ ಎರಡು ದೋಣಿಗೆ ಒಂದೇ ಚುಕ್ಕಿ. ಒಂದು ಚುಕ್ಕಿ ಕಂಡರೆ ಒಂದೇ ದೋಣಿ ಅಂತ ಲೆಕ್ಕ ಹಾಕಬೇಡಿ.

ಇನ್ನು ಆನ್ ಮಾಡುವ ವಿಷಯ. ಸ್ಟ್ಯಾಂಡ್‌ಬೈಗೆ ಹಾಕುವ ಮೊದಲೇ ಮೇಲೆ ಮಾಸ್ಟ್‌ನಲ್ಲಿ, ಅಂದರೆ ಸ್ಕ್ಯಾನರ್ ಕೂರಿಸಿದ ಕಂಬದಲ್ಲಿ, ಯಾರೂ ಇಲ್ಲ, ಸ್ಕ್ಯಾನರ್‌ಗೆ ಹಗ್ಗ ಸಿಕ್ಕಿಕೊಂಡಿಲ್ಲ ಅಂತ ಕಣ್ಣಾರೆ ನೋಡಬೇಕು. ಅಲೆ ಹುಟ್ಟಿಸಲು ಮ್ಯಾಗ್ನೆಟ್ರಾನ್ ಅನ್ನುವ ಕೊಳವೆ ಇರುವ ರೇಡಾರ್ ಬಿಸಿಯಾಗಲು ಎರಡು ಮೂರು ನಿಮಿಷ ತಗೊಳ್ಳುತ್ತದೆ. ಆಮೇಲೆ ಗೇನ್, ಅಂದರೆ ಬಂದ ಉತ್ತರವನ್ನು ಎಷ್ಟು ಜೋರು ಮಾಡಬೇಕು ಅನ್ನುವ ಗುಂಡಿ. ಹಿನ್ನೆಲೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ರಾಗಿ ಹಿಟ್ಟು ಉದುರಿಸಿದ ಹಾಗೆ, ಆಗಷ್ಟೇ ಕಾಣಲು ಶುರುವಾಗುತ್ತವಲ್ಲ, ಗೇನ್ ಅಲ್ಲಿರಬೇಕು. ತೀರಾ ಕಮ್ಮಿ ಮಾಡಿದರೆ ಪರದೆ ನೀಟಾಗಿ ಕಾಣುತ್ತದೆ, ಪಿಸುಮಾತುಗಳು ಸತ್ತಿರುತ್ತವೆ. ಜಾಸ್ತಿ ಮಾಡಿದರೆ ಮಂಜಿನಲ್ಲಿ ಹೈ ಬೀಮ್ ಹಾಕಿದ ಕಥೆ.

ಈಗ ಸೀ ಕ್ಲಟರ್. ಇದನ್ನು ನಿಧಾನವಾಗಿ ಹೇಳುತ್ತೇನೆ.

ಗಾಳಿ ಬಂದು ಅಲೆ ಎದ್ದರೆ ಅಲೆಗಳೂ ಉತ್ತರ ಕೊಡುತ್ತವೆ. ಹತ್ತಿರದ ಅಲೆ ಜೋರಾಗಿ, ದೂರದ್ದು ಮೆಲ್ಲಗೆ. ಗಾಳಿ ಬೀಸುವ ಕಡೆಯಿಂದ ಜಾಸ್ತಿ. ಪರದೆಯ ನಡುವೆ, ಅಂದರೆ ನಮ್ಮ ಹಡಗಿನ ಸುತ್ತಲೇ, ಒಂದು ಬೆಳ್ಳನೆಯ ರಾಶಿ ಕೂತುಬಿಡುತ್ತದೆ. ಸೀ ಕ್ಲಟರ್ ಗುಂಡಿ ತಿರುಗಿಸಿದರೆ ರೇಡಾರ್ ಹತ್ತಿರದ ಉತ್ತರಗಳಿಗೆ ಮಾತ್ರ ಕಿವಿ ಕಮ್ಮಿ ಮಾಡಿಕೊಳ್ಳುತ್ತದೆ, ದೂರಕ್ಕೆ ಹೋದಂತೆ ಮತ್ತೆ ಪೂರ್ತಿ ಕೇಳುತ್ತದೆ. ಗುಂಡಿ ತಿರುಗಿಸುತ್ತಾ ಹೋದರೆ ರಾಶಿ ಮಾಯ, ಪರದೆ ಅಚ್ಚುಕಟ್ಟು. ಆದರೆ ರೇಡಾರ್‌ಗೆ ಅಲೆ ಯಾವುದು, ದೋಣಿ ಯಾವುದು ಅಂತ ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ತಗ್ಗಿಸುತ್ತದೆ.

ನಮ್ಮಜ್ಜಿ ಮನೆ ಮುಂದೆ ಮೊರ ಹಿಡಿದು ರಾಗಿ ಕೇರುವುದನ್ನು ನೋಡಿ ಬೆಳೆದವನು ನಾನು. ಮೊರವನ್ನು ಎರಡು ಸಲ ಮೆಲ್ಲಗೆ ಎತ್ತಿ ಬಡಿದು, ಬೆರಳ ತುದಿಯಲ್ಲಿ ಅಂಚಿನ ಹೊಟ್ಟು ತಳ್ಳಿ, ಮತ್ತೆ ಎತ್ತುತ್ತಿದ್ದಳು. ಒಂದು ಸಲ ನಾನು ಮೊರ ಕಿತ್ತುಕೊಂಡು ಜೋರಾಗಿ ಕೇರಿದೆ. ಹೊಟ್ಟೂ ಹೋಯಿತು, ಜೊತೆಗೆ ಸಣ್ಣ ಕಾಳೆಲ್ಲ ಮಣ್ಣಿಗೆ ಬಿತ್ತು. "ಸ್ವಲ್ಪ ಹೊಟ್ಟು ಇರಲಿ ಬಿಡೋ, ಕಾಳು ಉಳಿಯುತ್ತೆ" ಅಂದಿದ್ದಳು. ಸೀ ಕ್ಲಟರ್ ಹೇಗೆ ಇಡಬೇಕು ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಯಾವ ತರಗತಿಯಲ್ಲೂ ಸಿಕ್ಕಿಲ್ಲ.

ಆ ಮಾತು ಸಮುದ್ರದಲ್ಲಿ ನೆನಪಾದದ್ದು ಒಂದು ಆಗಸ್ಟ್ ರಾತ್ರಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗಸ್ಟ್ ಬಂತು ಅಂದರೆ ದೋಣಿಗಳು ಹೊರಡುತ್ತವೆ, ಆದರೆ ಸಮುದ್ರ ಇನ್ನೂ ಪೂರ್ತಿ ಸಮಾಧಾನ ಆಗಿರುವುದಿಲ್ಲ. ನಾವು ಮಂಗಳೂರಿನಿಂದ ಆಚೆ 14 ನಾಟ್, ಅಂದರೆ ಗಂಟೆಗೆ 14 ನಾಟಿಕಲ್ ಮೈಲಿ, ವೇಗದಲ್ಲಿ ಹೋಗುತ್ತಿದ್ದೆವು. ನನ್ನದು ಹನ್ನೆರಡರಿಂದ ನಾಲ್ಕರ ವಾಚ್, ಅಂದರೆ ಪಾಳಿ. ಬ್ರಿಡ್ಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಬಂದು ನೋಡಿದರೆ ರೇಡಾರ್ ಪರದೆ ಗುಡಿಸಿ ಸಾರಿಸಿದ ಅಂಗಳದ ಹಾಗಿತ್ತು. ಒಂದು ಚುಕ್ಕಿ ಇಲ್ಲ. ಹೊರಗೆ ಮಾತ್ರ ಅಲೆಗಳ ಬಿಳಿ ತಲೆ ಕಾಣುತ್ತಿತ್ತು. ಅಲೆ ಇದ್ದೂ ಪರದೆ ಅಷ್ಟು ಕ್ಲೀನ್ ಇದೆ ಅಂದರೆ ಏನೋ ತಪ್ಪಿದೆ ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಚಾರ್ಟ್ ಕಡೆ ತಿರುಗಿದೆ.

ಲುಕೌಟ್ ನಿಂತಿದ್ದ ನಾವಿಕ "ಸರ್, ಲೈಟ್ ಇದೆ, ಮುಂದೆ ಸ್ವಲ್ಪ ಎಡಕ್ಕೆ" ಅಂದ. ದುರ್ಬೀನು ಹಿಡಿದರೆ ಹೌದು, ಮಂಕು ಬೆಳಕು, ಅಲೆಯ ಹಿಂದೆ ಮುಳುಗಿ ಏಳುತ್ತಿದೆ. ರೇಡಾರಿನಲ್ಲಿ ಆ ಜಾಗ ಖಾಲಿ. ಆಗ ನೋಡಿದೆ, ಸೀ ಕ್ಲಟರ್ ಮುಕ್ಕಾಲು ಪಾಲು ತಿರುಗಿಸಿತ್ತು. ಅದನ್ನು ಇಳಿಸುತ್ತಾ ಬಂದೆ. ಹೊಟ್ಟು ಎದ್ದಿತು, ಅದರ ನಡುವೆ ಒಂದು ಚುಕ್ಕಿ. ಒಂದು ಸುತ್ತಿನಲ್ಲಿ ಇದೆ, ಮುಂದಿನದ್ದರಲ್ಲಿ ಇಲ್ಲ, ಮತ್ತೆ ಅದೇ ಜಾಗದಲ್ಲಿ ಇದೆ. ಅಲೆಯ ಚುಕ್ಕಿಗಳು ಜಾಗ ಬದಲಿಸುತ್ತಾ ಇರುತ್ತವೆ, ದೋಣಿಯದ್ದು ಅಲ್ಲೇ ಮತ್ತೆ ಮತ್ತೆ ಹುಟ್ಟುತ್ತದೆ. ದೂರ ಒಂದೂವರೆ ಮೈಲಿ. 14 ನಾಟ್‌ಗೆ ಅದು ಆರು ನಿಮಿಷ ಚಿಲ್ಲರೆ. ಕ್ಯಾಪ್ಟನ್‌ಗೆ ಫೋನ್ ಮಾಡಿ, ಬಲಕ್ಕೆ ದೊಡ್ಡದಾಗಿ ತಿರುಗಿಸಿ ಹೋದೆವು. ಪಕ್ಕಕ್ಕೆ ಬಂದಾಗ ದುರ್ಬೀನಿನಲ್ಲಿ ಒಂದು ಬಲ್ಬು, ಅದರ ಕೆಳಗೆ ಹಗ್ಗ ಎಳೆಯುತ್ತಿದ್ದ ಒಬ್ಬ ಮನುಷ್ಯ ಕಂಡ. ಅವನು ತಲೆ ಎತ್ತಿ ಈ ಕಡೆ ನೋಡಲೂ ಇಲ್ಲ.

ಅವತ್ತಿನಿಂದ ವಾಚ್ ತಗೊಂಡ ತಕ್ಷಣ ಸೀ ಕ್ಲಟರನ್ನು ಪೂರ್ತಿ ಇಳಿಸಿ, ಮತ್ತೆ ಮೊದಲಿನಿಂದ ಏರಿಸುತ್ತೇನೆ. ಗಾಳಿಯ ಕಡೆ ಒಂದಿಷ್ಟು ಹೊಟ್ಟು ಉಳಿಯುವ ಹಾಗೆ ಬಿಡುತ್ತೇನೆ. ಆಟೋ ಇದೆಯಲ್ಲ ಅಂತ ಕೇಳುತ್ತಾರೆ. ಇದೆ, ಉಪಯೋಗಕ್ಕೂ ಬರುತ್ತದೆ. ಆದರೆ ಅದಕ್ಕೂ ಅಲೆ ಮತ್ತು ದೋಣಿಯ ವ್ಯತ್ಯಾಸ ಹೇಳಿಕೊಟ್ಟವರಿಲ್ಲ, ಆಗಾಗ ಕೈಯಿಂದ ಮಾಡಿ ನೋಡಲೇಬೇಕು. ಮಳೆಗೆ ಬೇರೆ ಗುಂಡಿ ಇದೆ, ರೇನ್ ಕ್ಲಟರ್. ಅದನ್ನು ಮಳೆ ಮೋಡದ ಒಳಗೆ ಹುಡುಕುವಷ್ಟು ಹೊತ್ತು ಹಾಕಿ, ಮುಗಿದ ಮೇಲೆ ತೆಗೆದುಬಿಡಿ.

ಎಐಎಸ್ ಇದೆಯಲ್ಲ, ಹಡಗಿನ ಹೆಸರೇ ಪರದೆ ಮೇಲೆ ಬರುತ್ತದಲ್ಲ ಅಂತ ಹುಡುಗ ಕೇಳಿದ. ಅದು ಹಡಗು ತನ್ನ ಹೆಸರು, ಜಾಗವನ್ನು ರೇಡಿಯೋದಲ್ಲಿ ತಾನೇ ಸಾರುವ ಸಾಧನ, ಹಾಕಿಕೊಂಡವರದ್ದು ಮಾತ್ರ ಬರುತ್ತದೆ ಕಣೋ ಅಂದೆ. ಸಣ್ಣ ದೋಣಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ಸರಿ, ಚುಕ್ಕಿ ಕಂಡಿತು. ಅದು ನಮಗೆ ಬಂದು ಬಡಿಯುತ್ತದಾ ಇಲ್ಲವಾ? ಇಲ್ಲಿ ತುಂಬ ಜನ ಎಡವುತ್ತಾರೆ. ರಿಲೇಟಿವ್ ಮೋಷನ್ ಪರದೆಯಲ್ಲಿ ನಮ್ಮ ಹಡಗು ನಡುವೆ ಅಲ್ಲಾಡದೆ ನಿಂತಿರುತ್ತದೆ, ಉಳಿದ ಲೋಕವೆಲ್ಲ ಚಲಿಸುತ್ತದೆ. ರೈಲಿನ ಕಿಟಕಿಯಿಂದ ನೋಡಿದರೆ ಮರಗಳು ಹಿಂದಕ್ಕೆ ಓಡುತ್ತವಲ್ಲ, ಹಾಗೆ. ಲಂಗರು ಹಾಕಿ ನಿಂತ ದೋಣಿ ನಮ್ಮ ಕಡೆ ಓಡಿ ಬರುತ್ತಿರುವಂತೆ ಕಾಣುತ್ತದೆ. ನಮ್ಮ ಜೊತೆಗೇ, ನಮ್ಮ ವೇಗದಲ್ಲೇ ಹೋಗುತ್ತಿರುವ ಹಡಗು ನಿಂತ ಹಾಗೆ ಕಾಣುತ್ತದೆ. ಚುಕ್ಕಿ ಎತ್ತ ಜಾರಿತು ಅಂತ ನೋಡಿ ಆ ಹಡಗು ಅತ್ತ ಹೋಗುತ್ತಿದೆ ಅಂದುಕೊಳ್ಳುವುದು ಅಪಾಯ.

ಪರೀಕ್ಷೆ ಹಳೆಯದು, ಸುಲಭದ್ದು. ಹೈವೇಯಲ್ಲಿ ನೀವು ಬೈಕಿನಲ್ಲಿ ಹೋಗುತ್ತಿದ್ದೀರಿ, ಹಳ್ಳಿಯ ಅಡ್ಡರಸ್ತೆಯಿಂದ ಟ್ರ್ಯಾಕ್ಟರ್ ಬರುತ್ತಿದೆ. ಅದು ನಿಮ್ಮ ಕನ್ನಡಿಯ ಕಡ್ಡಿಯ ನೇರಕ್ಕೇ ಅಂಟಿಕೊಂಡು, ದೊಡ್ಡದಾಗುತ್ತಾ ಇದ್ದರೆ ಕೂಡುರಸ್ತೆಯಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಸೇರುತ್ತೀರಿ. ಸಮುದ್ರದಲ್ಲೂ ಅದೇ. ಬೇರಿಂಗ್ ಬದಲಾಗುತ್ತಿಲ್ಲ, ದೂರ ಕಮ್ಮಿ ಆಗುತ್ತಿದೆ, ಅಂದರೆ ಡಿಕ್ಕಿ. ಇದಕ್ಕೆ ಒಂದೆರಡು ಸಲ ನೋಡಿದರೆ ಸಾಲದು, ಸಾಲಾಗಿ ಗುರುತು ಹಾಕಿಕೊಳ್ಳಬೇಕು. ನಾವಿಕರು ಆರು ನಿಮಿಷದ ಲೆಕ್ಕ ಹಿಡಿಯುತ್ತಾರೆ. ಆರು ನಿಮಿಷ ಅಂದರೆ ಗಂಟೆಯ ಹತ್ತನೇ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ಚುಕ್ಕಿ 1.2 ಮೈಲಿ ಜರುಗಿದರೆ, ಹತ್ತರಿಂದ ಗುಣಿಸಿ, ನಮಗೆ ಹೋಲಿಸಿದಂತೆ ಅದರ ವೇಗ 12 ನಾಟ್.

ಈಗ ಆರ್ಪಾ ಅನ್ನುವ ರೇಡಾರಿನ ಕಂಪ್ಯೂಟರ್ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಎಷ್ಟು ಹತ್ತಿರ ಹಾದುಹೋಗುತ್ತದೆ ಅನ್ನುವುದು ಸಿಪಿಎ, ಎಷ್ಟು ನಿಮಿಷದಲ್ಲಿ ಅನ್ನುವುದು ಟಿಸಿಪಿಎ. ಗುರಿ ಹಿಡಿದ ಮೇಲೆ ಸುಮಾರು ಒಂದು ನಿಮಿಷಕ್ಕೆ ಅಂದಾಜು ಹೇಳುತ್ತದೆ, ನಂಬುವ ಹಾಗಾಗಲು ಮೂರು ನಿಮಿಷ ಬೇಕು. ಆ ಹಡಗೋ ನಾವೋ ತಿರುಗಿದರೆ ಮತ್ತೆ ಅಷ್ಟು ಹೊತ್ತು ಹಳೆಯ ಲೆಕ್ಕದ ನೆರಳು ಉಳಿದಿರುತ್ತದೆ. ಚುಕ್ಕಿಯ ಮುಂದೆ ಎಳೆದ ಗೆರೆ, ಅಂದರೆ ವೆಕ್ಟರ್, ಟ್ರೂ (ಆ ಹಡಗಿನ ನಿಜವಾದ ಚಲನೆ) ಇದೆಯಾ ರಿಲೇಟಿವ್ (ನಮಗೆ ಹೋಲಿಸಿದ್ದು) ಇದೆಯಾ ಅಂತ ಮೂಲೆಯ ಅಕ್ಷರ ಓದದೆ ತೀರ್ಮಾನ ಮಾಡಬೇಡಿ, ಒಂದೇ ಗೆರೆಗೆ ಎರಡರಲ್ಲೂ ಬೇರೆ ಬೇರೆ ಅರ್ಥ. ಇನ್ನೊಂದು, ಡಿಕ್ಕಿ ತಪ್ಪಿಸುವ ಕೆಲಸಕ್ಕೆ ರೇಡಾರ್‌ಗೆ ಕೊಡಬೇಕಾದದ್ದು ನೀರಿಗೆ ಹೋಲಿಸಿದ ನಮ್ಮ ವೇಗ. ಜಿಪಿಎಸ್ ಹೇಳುವ, ನೆಲಕ್ಕೆ ಹೋಲಿಸಿದ ವೇಗ ಕೊಟ್ಟರೆ, ಪ್ರವಾಹ ಇದ್ದ ಕಡೆ ಎದುರಿನ ಹಡಗು ಎತ್ತ ಮುಖ ಮಾಡಿದೆ ಅನ್ನುವುದು ತಪ್ಪಾಗಿ ಕಾಣಬಹುದು.

ರೇಡಾರ್ ಇದ್ದೂ ಡಿಕ್ಕಿ ಆಗುತ್ತದಾ? ಆಗಿದೆ. 1956ರ ಜುಲೈ 25ರ ರಾತ್ರಿ ಅಮೆರಿಕದ ನಾಂಟಕೆಟ್ ದ್ವೀಪದ ಹತ್ತಿರ, ಇಟಲಿಯ ಆಂಡ್ರಿಯಾ ಡೋರಿಯಾ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್ ಅನ್ನುವ ಎರಡು ಪ್ರಯಾಣಿಕರ ಹಡಗುಗಳು ಗುದ್ದಿಕೊಂಡವು. ಮಂಜಿತ್ತು. ಇಬ್ಬರ ರೇಡಾರೂ ಕೆಲಸ ಮಾಡುತ್ತಿದ್ದವು, ಇಬ್ಬರೂ ಒಬ್ಬರನ್ನೊಬ್ಬರು ಎಷ್ಟೋ ಮೈಲಿ ಮೊದಲೇ ಪರದೆ ಮೇಲೆ ನೋಡಿದ್ದರು. ಒಬ್ಬರು ಬಲಕ್ಕೆ ಬಲ ಹಾದು ಹೋಗುತ್ತೇವೆ ಅಂದುಕೊಂಡರು, ಇನ್ನೊಬ್ಬರು ಎಡಕ್ಕೆ ಎಡ ಅಂದುಕೊಂಡರು. ಆಂಡ್ರಿಯಾ ಡೋರಿಯಾದಲ್ಲಿ ಗುರುತು ಹಾಕಿ ಲೆಕ್ಕವೇ ಮಾಡಿರಲಿಲ್ಲ. ಅದು ಎಡಕ್ಕೆ ತಿರುಗಿತು, ಸ್ಟಾಕ್‌ಹೋಮ್ ಬಲಕ್ಕೆ ತಿರುಗಿತು, ಇಬ್ಬರೂ ಒಂದೇ ಜಾಗಕ್ಕೆ ಬಂದರು. ಎರಡೂ ಹಡಗು ಸೇರಿ 51 ಜನ ಹೋದರು. 1972ರ ಡಿಕ್ಕಿ ತಡೆ ನಿಯಮಗಳಲ್ಲಿ ಏಳನೆಯದು, ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ರೇಡಾರಿನ ಅರೆಬರೆ ಮಾಹಿತಿಯ ಮೇಲೆ ಊಹೆ ಕಟ್ಟಬೇಡಿ ಅಂತ ಬಿಡಿಸಿ ಹೇಳುತ್ತದೆ. ಹತ್ತೊಂಬತ್ತನೆಯದು ಮಂಜಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅಂತ. ಎದುರಿನ ಹಡಗು ರೇಡಾರಿನಲ್ಲಿ ಮಾತ್ರ ಇದ್ದು, ನಮ್ಮ ಮುಂಭಾಗದ ಕಡೆಯಿಂದ ಬರುತ್ತಿದ್ದರೆ, ಆದಷ್ಟೂ ಎಡಕ್ಕೆ ತಿರುಗಬಾರದು. ತಿರುಗುವುದಾದರೆ ಬೇಗ ತಿರುಗಿ, ಮತ್ತು ಎದುರಿನವನ ರೇಡಾರಿನಲ್ಲಿ ಎದ್ದು ಕಾಣುವಷ್ಟು ದೊಡ್ಡದಾಗಿ ತಿರುಗಿ. ಐದು ಐದು ಡಿಗ್ರಿ ಕೊಸರಿದರೆ ಅವನಿಗೆ ಏನೂ ಗೊತ್ತಾಗುವುದಿಲ್ಲ.

ಕುರುಡು ಮೂಲೆಗಳೂ ಇವೆ. ಮಾಸ್ಟ್, ಕ್ರೇನು, ಚಿಮಣಿ ಅಡ್ಡ ಬಂದ ಕಡೆ ರೇಡಾರ್‌ಗೆ ಕಾಣುವುದಿಲ್ಲ. ಯಾವ ಡಿಗ್ರಿಯಿಂದ ಯಾವ ಡಿಗ್ರಿವರೆಗೆ ಅನ್ನುವ ನಕ್ಷೆ ರೇಡಾರ್ ಪಕ್ಕದಲ್ಲೇ ಅಂಟಿಸಿರುತ್ತಾರೆ, ಹೊಸ ಹಡಗು ಹತ್ತಿದ ದಿನವೇ ನೋಡಿಕೊಳ್ಳಿ. ಇಲ್ಲದ್ದು ಕಾಣುವುದೂ ಉಂಟು. ಪಕ್ಕದಲ್ಲಿ ದೊಡ್ಡ ಹಡಗು ಹಾದರೆ ಕೂಗು ಎರಡು ಹಡಗಿನ ನಡುವೆ ಪುಟಿದು ಪುಟಿದು, ಒಂದೇ ಬೇರಿಂಗಿನಲ್ಲಿ ಸಮ ಅಂತರಕ್ಕೆ ಎರಡು ಮೂರು ಹಡಗು ಕಾಣುತ್ತವೆ. ಮೊದಲನೆಯದು ನಿಜ.

ಕಣ್ಣಿಗೆ ಏನೂ ಕಾಣದ ನಡುಸಮುದ್ರದಲ್ಲಿ ಪರದೆ ಖಾಲಿ ಇದ್ದರೆ, ಅದು ಸಮುದ್ರ ಖಾಲಿ ಇರುವುದಕ್ಕಾ, ರೇಡಾರ್ ಬಡವಾಗಿರುವುದಕ್ಕಾ? ಇದಕ್ಕೇ ಪರ್ಫಾರ್ಮೆನ್ಸ್ ಮಾನಿಟರ್ ಇರುವುದು. ಪ್ರತಿ ವಾಚ್‌ನಲ್ಲಿ ಒಮ್ಮೆ ಹಾಕಿ ನೋಡಿ, ಬರೆದಿಡಿ.

ಇನ್ನು ಜೀವದ ವಿಷಯ. ಸ್ಕ್ಯಾನರ್ ಎಂಟರಿಂದ ಹನ್ನೆರಡು ಅಡಿ ಉದ್ದದ ತೊಲೆ, ಎರಡೂವರೆ ಸೆಕೆಂಡಿಗೊಮ್ಮೆ ಸುತ್ತುತ್ತದೆ. ಏಣಿ ಮೇಲೆ ನಿಂತವನಿಗೆ ಬಡಿದರೆ ಕೆಳಗೆ ಡೆಕ್ಕೇ ಗತಿ. ನನ್ನ ಲೆಕ್ಕದಲ್ಲಿ ವಿಕಿರಣಕ್ಕಿಂತ ಮೊದಲ ಭಯ ಇದು. ವಿಕಿರಣವೂ ಸುಳ್ಳಲ್ಲ. ಪಲ್ಸ್ ಹೊರಡುವಾಗ ಶಕ್ತಿ 25 ಕಿಲೋವ್ಯಾಟ್ ಇರಬಹುದು, ಆದರೆ ಅದು ಮೈಕ್ರೋಸೆಕೆಂಡಿನ ಮಾತು, ಸರಾಸರಿ ತೆಗೆದರೆ ಕೆಲವು ವ್ಯಾಟ್‌ನಿಂದ ಇಪ್ಪತ್ತು ಮೂವತ್ತು ವ್ಯಾಟ್ ಅಷ್ಟೇ. ಎಕ್ಸ್ ರೇ ಥರದ್ದಲ್ಲ, ಮೈಕ್ರೋವೇವ್ ಒಲೆಯ ಜಾತಿಯದ್ದು, ಮೈಯನ್ನು ಬಿಸಿ ಮಾಡುತ್ತದೆ, ಕಣ್ಣಿಗೆ ಕೆಟ್ಟದ್ದು. ಡೆಕ್ ಮೇಲೆ ಓಡಾಡುವವರು ಹೆದರಬೇಕಾಗಿಲ್ಲ. ಸ್ಕ್ಯಾನರ್ ಮುಖದ ಹತ್ತಿರ, ಅದರಲ್ಲೂ ಅದು ತಿರುಗದೆ ನಿಂತು ಕೂಗುತ್ತಿರುವಾಗ, ಯಾರೂ ನಿಲ್ಲಬಾರದು. ವೇವ್‌ಗೈಡ್, ಅಂದರೆ ಅಲೆಯನ್ನು ಸ್ಕ್ಯಾನರ್‌ಗೆ ಒಯ್ಯುವ ಕೊಳವೆ, ಅದನ್ನು ಬಿಚ್ಚಿ ಒಳಗೆ ಇಣುಕುವ ಕೆಲಸ ಯಾವತ್ತೂ ಬೇಡ.

ಮಾಸ್ಟ್ ಹತ್ತುವ ಮೊದಲು ಕ್ಯಾಪ್ಟನ್‌ಗೆ ಹೇಳಿ ಪರ್ಮಿಟ್ ಮಾಡಿಸಿ. ಎರಡೂ ರೇಡಾರ್ ಆಫ್, ಬರೀ ಸ್ಟ್ಯಾಂಡ್‌ಬೈ ಅಲ್ಲ, ಬ್ರೇಕರನ್ನೇ ಇಳಿಸಬೇಕು. "ಮೇಲೆ ಜನ ಇದ್ದಾರೆ, ಆನ್ ಮಾಡಬೇಡಿ" ಅನ್ನುವ ಬೋರ್ಡ್ ತೂಗುಹಾಕಿ, ಫ್ಯೂಸ್ ಇದ್ದರೆ ಹತ್ತುವವನ ಜೇಬಿನಲ್ಲೇ ಇರಲಿ. ಹಡಗಿನ ಸೀಟಿಯನ್ನೂ, ರೇಡಿಯೋ ಟ್ರಾನ್ಸ್‌ಮಿಟರನ್ನೂ ಬಂದ್ ಮಾಡಿಸಿ. ಆಫ್ ಆದ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಪೆಟ್ಟಿಗೆ ಬಿಚ್ಚುವುದು ತರಬೇತಿ ಇದ್ದವರ ಕೆಲಸ. ಸ್ಕ್ಯಾನರ್ ಮುಖಕ್ಕೆ ಹೊಗೆ ಮಸಿ, ಉಪ್ಪು ಕೂತರೆ ಸಿಹಿನೀರು, ಮೆತ್ತನೆ ಬಟ್ಟೆ ಸಾಕು. ಬಣ್ಣ ಮಾತ್ರ ಬಳಿಯಬೇಡಿ, ಕೂಗು ಹೊರಗೆ ಹೋಗುವ ಕಿಟಕಿ ಅದು.

ಬೆಟ್ಟ ಇಳಿದು ಮನೆಗೆ ಬಂದ ಮೇಲೂ ಹುಡುಗನ ತಲೆಯಲ್ಲಿ ಆ ದೋಣಿಯೇ ಕೂತಿತ್ತು. "ಹಾಗಾದ್ರೆ ದೋಣಿಯವರು ಏನ್ ಮಾಡ್ಬೇಕು ಮಾವ?" ಅಂದ. ಅವರು ರಿಫ್ಲೆಕ್ಟರ್ ಕಟ್ಟಬಹುದು ಅಂದೆ. ಮೂರು ಲೋಹದ ತಗಡು, ಒಂದಕ್ಕೊಂದು ಲಂಬವಾಗಿ ಸೇರಿಸಿದ್ದು. ಆ ಮೂಲೆಗೆ ಬಿದ್ದ ಅಲೆ ಬಂದ ದಿಕ್ಕಿಗೇ ವಾಪಸ್ ಹೋಗುತ್ತದೆ, ಪಿಸುಮಾತು ಕೂಗಾಗುತ್ತದೆ. ಎತ್ತರದಲ್ಲಿ ಕಟ್ಟಿದಷ್ಟೂ ಒಳ್ಳೆಯದು. ರೇಡಾರಿನ ದಿಗಂತಕ್ಕೆ ಒಂದು ಲೆಕ್ಕ ಇದೆ, ಎರಡೂ ಕಡೆಯ ಎತ್ತರದ ವರ್ಗಮೂಲ ಕೂಡಿಸಿ 2.2ರಿಂದ ಗುಣಿಸುವುದು. ನಮ್ಮ ಸ್ಕ್ಯಾನರ್ 25 ಮೀಟರ್ ಎತ್ತರದಲ್ಲಿದ್ದು, ದೋಣಿಯ ರಿಫ್ಲೆಕ್ಟರ್ 1 ಮೀಟರಿನಲ್ಲಿದ್ದರೆ 13 ಮೈಲಿ, 4 ಮೀಟರಿಗೆ ಏರಿಸಿದರೆ 15 ದಾಟುತ್ತದೆ. ಅದಕ್ಕಿಂತ ಮುಖ್ಯ, ಎತ್ತರದ್ದು ಅಲೆಯ ಹಿಂದೆ ಮುಳುಗುವುದಿಲ್ಲ.

ಅವನಿಗೆ ನಂಬಿಕೆ ಬರಲಿಲ್ಲ. ಅಕ್ಕನ ಹಳೆಯ ಪರ್ಸಿನ ಕನ್ನಡಿ, ಅಂಗಡಿಯಿಂದ ತಂದ ಇನ್ನೆರಡು ಸಣ್ಣ ಕನ್ನಡಿ, ಮೂರನ್ನೂ ಸ್ವೀಟ್ ಡಬ್ಬಿಯ ಮೂಲೆಯೊಳಗೆ ಟೇಪ್ ಹಾಕಿ ಅಂಟಿಸಿದೆವು. ಸಂಜೆ ಕರೆಂಟ್ ಹೋದಾಗ ಡಬ್ಬಿಯನ್ನು ಟಿವಿ ಸ್ಟ್ಯಾಂಡ್ ಮೇಲೆ ಇಟ್ಟು, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಹಾಕಿದ. ಬೆಳಕು ಅವನ ಮುಖಕ್ಕೇ ಬಂತು. ನಾಲ್ಕು ಹೆಜ್ಜೆ ಎಡಕ್ಕೆ ಹೋದ, ಅಲ್ಲಿಗೂ ಬಂತು. ಬಾಗಿಲ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಹಾಕಿದ, ಅಲ್ಲಿಗೂ ಬಂತು. ಪಕ್ಕದಲ್ಲಿ ನಿಂತಿದ್ದ ಅಕ್ಕನಿಗೆ ಮಾತ್ರ ಡಬ್ಬಿ ಕತ್ತಲಾಗಿಯೇ ಕಾಣುತ್ತಿತ್ತು, "ಎಲ್ಲೋ ಬೆಳಕು?" ಅಂತ ಕೇಳುತ್ತಲೇ ಇದ್ದಳು. ಕೊನೆಗೆ ಅವನು ಟಾರ್ಚನ್ನು ಅವಳ ಕೈಗೆ ಕೊಟ್ಟ.